ಉಬ್ಬುಮೀನಿನ ತೊಟ್ಟಿಯ ನೀರು ಮತ್ತು ನೆಲ

ಉತ್ತರ ಕನ್ನಡ ಜಿಲ್ಲೆಯ ಕುಮಟೆಯ ಬಳಿ ಅಘನಾಶಿನಿ ನದಿಯು ಕಡಲನ್ನು ಕೂಡುವ ಅಳಿವೆಯನ್ನು ಕಂಡವರಿಗೆ ಚೌಳು ನೀರೆಂದರೇನೆಂದು ವಿವರಿಸಬೇಕಾಗಿಲ್ಲ. ಉಬ್ಬರದ ವೇಳೆಯಲ್ಲಿ ಕಡಲು ಒಳನುಗ್ಗಿ ಬರುತ್ತದೆ. ಇಳಿತದ ವೇಳೆಯಲ್ಲಿ ನದಿಯು ತನ್ನ ಸಿಹಿನೀರನ್ನು ಹೊರಕ್ಕೆ ತಳ್ಳುತ್ತದೆ. ಮಳೆಗಾಲದಲ್ಲಿ ನದಿಯ ಕೈ ಮೇಲು, ಬೇಸಗೆಯಲ್ಲಿ ಕಡಲಿನದು. ಅಲ್ಲಿಯ ಗಜನಿ ಭೂಮಿಯಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಕೆಸರಿನಲ್ಲಿ ಬಳಚು ಸಿಗುತ್ತದೆ. 2024ರಲ್ಲಿ ಈ ಅಳಿವೆಯು ರಾಮ್ಸಾರ್ ಪಟ್ಟಿಗೆ ಸೇರಿತು. ಸಿಹಿಯೂ ಅಲ್ಲದ, ಸಮುದ್ರದಷ್ಟು ಉಪ್ಪೂ ಅಲ್ಲದ ಇಂತಹುದೇ ನೀರನ್ನು ತನ್ನ ಮನೆಯಾಗಿ ಮಾಡಿಕೊಂಡ ಒಂದು ಪುಟ್ಟ ಮೀನು ಮಹಾನಗರಗಳ ಅಂಗಡಿಗಳಲ್ಲಿ ಅನೇಕ ವೇಳೆ ಸಾದಾ ಸಿಹಿನೀರಿನ ಮೀನೆಂದು ಮಾರಾಟವಾಗುತ್ತದೆ. ಅದನ್ನು ಕೊಂಡು ತಂದ ಮನೆಯವರು ನಲ್ಲಿಯ ನೀರಿನಲ್ಲಿ ಬಿಡುತ್ತಾರೆ. ಮೀನು ಕೂಡಲೇ ಸಾಯುವುದಿಲ್ಲ. ತಿಂಗಳುಗಟ್ಟಲೆ ಬದುಕಿ, ಬಣ್ಣ ಕಪ್ಪಿಟ್ಟು, ಹೊಟ್ಟೆ ಒಳಸೇರಿ, ಒಂದು ಬೆಳಗ್ಗೆ ಮೂಲೆಯಲ್ಲಿ ಬಿದ್ದಿರುತ್ತದೆ. ನೀರೋ ಸ್ಫಟಿಕದಷ್ಟು ತಿಳಿಯಾಗಿಯೇ ಇರುತ್ತದೆ.

ಇದೇ ಪಫರ್ ಮೀನು, ಅಂದರೆ ಉಬ್ಬುಮೀನು. ಅಪಾಯ ಬಂದಾಗ ನೀರನ್ನು ನುಂಗಿ ಚೆಂಡಿನಂತೆ ಉಬ್ಬುವುದರಿಂದ ಈ ಹೆಸರು. ಮೇಲೆರಡು, ಕೆಳಗೆರಡು ಹೀಗೆ ನಾಲ್ಕು ಹಲ್ಲಿನ ಫಲಕಗಳು ಕೂಡಿ ಗಿಳಿಯ ಕೊಕ್ಕಿನಂತಾಗಿರುವ ಇದರ ಕುಲಕ್ಕೆ ವಿಜ್ಞಾನಿಗಳು ಕೊಟ್ಟ ಹೆಸರಿನ ಅರ್ಥವೂ ‘ನಾಲ್ಕು ಹಲ್ಲು’ ಎಂದೇ. ಹಸಿರುಹಳದಿ ಬೆನ್ನಿನ ಮೇಲೆ ಕರಿಯ ಚುಕ್ಕೆಗಳುಳ್ಳ ಜಾತಿಯು ಶ್ರೀಲಂಕೆಯಿಂದ ಇಂಡೊನೇಷ್ಯದವರೆಗಿನ ಅಳಿವೆಗಳಲ್ಲಿಯೂ ಕಾಂಡ್ಲ ಕಾಡುಗಳ ನೀರಿನಲ್ಲಿಯೂ ವಾಸಿಸುವಂಥದು. ಬೆಳೆದಾಗ ಸುಮಾರು 15 ಸೆಂಟಿಮೀಟರ್ ಉದ್ದವಾಗುತ್ತದೆ. 2004ರಲ್ಲಿ ಈ ಪುಟ್ಟ ಪ್ರಾಣಿಯ ಸಂಪೂರ್ಣ ವಂಶವಾಹಿ ಲಿಪಿಯನ್ನು ವಿಜ್ಞಾನಿಗಳು ಪ್ರಕಟಿಸಿದರು. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಇಷ್ಟು ಚಿಕ್ಕ ಲಿಪಿಯುಳ್ಳವು ಬಹಳ ವಿರಳ. ಬೆನ್ನ ಮೇಲೆ ಇಂಗ್ಲಿಷಿನ ಎಂಟರ ಅಂಕೆಯಂತಹ ಗುರುತುಳ್ಳ ಇನ್ನೊಂದು ಜಾತಿ ಇದಕ್ಕಿಂತ ಚಿಕ್ಕದು, ಸುಮಾರು 8 ಸೆಂಟಿಮೀಟರ್. ಎರಡೂ ಕಣ್ಣುಗಳನ್ನು ಬೇರೆ ಬೇರೆ ದಿಕ್ಕಿಗೆ ಹೊರಳಿಸಬಲ್ಲ, ಊಟ ಹಾಕುವವರು ಸಮೀಪಿಸಿದೊಡನೆ ಗಾಜಿನ ಬಳಿಗೆ ಓಡಿ ಬರುವ ಈ ಮೀನುಗಳು ಮನೆಯ ಮಕ್ಕಳಿಗೆ ಬಹು ಬೇಗ ಪ್ರಿಯವಾಗುತ್ತವೆ. ಆದುದರಿಂದಲೇ ಅವುಗಳ ಸಾವು ಆ ಮನೆಗೆ ಸಣ್ಣ ಸಂಗತಿಯಾಗಿ ಉಳಿಯುವುದಿಲ್ಲ.

ಇಲ್ಲಿ ಒಂದು ಎಚ್ಚರ ಆವಶ್ಯಕ. ಉಬ್ಬುಮೀನುಗಳೆಲ್ಲವೂ ಉಪ್ಪನ್ನು ಬೇಡುವುದಿಲ್ಲ. ಕೇರಳ ಹಾಗೂ ದಕ್ಷಿಣ ಕರ್ನಾಟಕದ ನದಿಗಳಲ್ಲಿರುವ, ಹೋರಾ ಮತ್ತು ನಾಯರ್ ಎಂಬ ವಿಜ್ಞಾನಿಗಳು 1941ರಲ್ಲಿ ವರ್ಣಿಸಿದ ಮಲಬಾರ್ ಉಬ್ಬುಮೀನು ಕೇವಲ ಮೂರು ಸೆಂಟಿಮೀಟರಿನಷ್ಟು ಉದ್ದದ್ದು. ಅದು ಅಪ್ಪಟ ಸಿಹಿನೀರಿನ ಜೀವಿ. ಅಂಗಡಿಯ ತೊಟ್ಟಿಯಲ್ಲಿ ಎಳೆಯ ಮೀನುಗಳೆಲ್ಲ ಬಟಾಣಿ ಗಾತ್ರದವೇ ಆಗಿ ಕಾಣುವುದರಿಂದ, ಮನೆಗೆ ಬರುತ್ತಿರುವುದು ಯಾವುದೆಂದು ಮೊದಲು ಗುರುತಿಸಿಕೊಳ್ಳತಕ್ಕದ್ದು. ಮುಂದಿನ ಮಾತುಗಳೆಲ್ಲ ಚೌಳು ನೀರಿನ ಎರಡು ಜಾತಿಗಳಿಗೆ ಮಾತ್ರ ಸಂಬಂಧಿಸಿದವು.

ಮೊದಲನೆಯ ಪ್ರಶ್ನೆ ಉಪ್ಪಿನದು. ಹಾಲಿನ ಕೇಂದ್ರಗಳಲ್ಲಿ ಲ್ಯಾಕ್ಟೋಮೀಟರನ್ನು ಹಾಲಿನಲ್ಲಿ ತೇಲಿಬಿಟ್ಟು ನೀರು ಬೆರೆತಿದೆಯೇ ಎಂದು ನೋಡುವುದನ್ನು ಕಂಡವರಿದ್ದಾರೆ. ಅದೇ ತತ್ತ್ವದ ಮೇಲೆ ರಚಿತವಾದ ಹೈಡ್ರೋಮೀಟರ್ ಎಂಬ ಉಪಕರಣವು ನೀರಿನ ಸಾಪೇಕ್ಷ ಸಾಂದ್ರತೆಯನ್ನು ತೋರಿಸುತ್ತದೆ. ಶುದ್ಧ ನೀರು 1.000 ಎಂದಾದರೆ ಸಮುದ್ರದ ನೀರು ಸುಮಾರು 1.025. ಎಂಟರ ಗುರುತಿನ ಮೀನಿಗೆ 1.005ರಿಂದ 1.008ರವರೆಗೆ ಸಾಕು, 1.005 ಎಂದರೆ ಲೀಟರಿಗೆ ಸರಿಸುಮಾರು 7ರಿಂದ 9 ಗ್ರಾಂ ಉಪ್ಪು. ಹಸಿರು ಚುಕ್ಕೆಯ ಮೀನಿಗೆ ಎಳವೆಯಲ್ಲಿ ಇಷ್ಟೇ ಇದ್ದರೂ, ಬೆಳೆದಂತೆ 1.010 ಮತ್ತು ಅದಕ್ಕೂ ಮೇಲೆ ಕ್ರಮವಾಗಿ ಏರಿಸಬೇಕಾಗುತ್ತದೆ. ಏರಿಕೆಯಲ್ಲಿ ಆತುರ ಕೂಡದು, ವಾರಕ್ಕೆ 0.002ಕ್ಕಿಂತ ಹೆಚ್ಚು ಬದಲಾವಣೆ ಬೇಡ. ಮೀನು ಸಹಿಸಿಕೊಂಡರೂ, ನೀರನ್ನು ಶುದ್ಧಗೊಳಿಸುವ ಕಣ್ಣಿಗೆ ಕಾಣದ ಅಣುಜೀವಿಗಳು ಹಠಾತ್ ಬದಲಾವಣೆಯನ್ನು ಸಹಿಸಲಾರವು.

ಹೈಡ್ರೋಮೀಟರಿನ ಮುಳ್ಳಿಗೋ ತೇಲುಕೊಳವೆಗೋ ಒಂದು ಗಾಳಿಗುಳ್ಳೆ ಅಂಟಿಕೊಂಡರೂ ಅಳತೆ ತಪ್ಪುತ್ತದೆ. ಉಪಕರಣವನ್ನು ಯಾವ ಉಷ್ಣತೆಗೆ ಅಳವಡಿಸಲಾಗಿದೆಯೆಂಬುದು ಅದರ ಮೇಲೆಯೇ ಬರೆದಿರುತ್ತದೆ. ಅದನ್ನು ಓದದೆ ಅಂಕೆಯನ್ನು ಮಾತ್ರ ಓದುವವರು ಮೋಸ ಹೋಗುತ್ತಾರೆ. ಒಂದೆರಡು ಹನಿ ನೀರಿನಲ್ಲಿ ಬೆಳಕಿನ ಬಾಗುವಿಕೆಯನ್ನು ಅಳೆಯುವ ರಿಫ್ರ್ಯಾಕ್ಟೋಮೀಟರ್ ಇದಕ್ಕಿಂತ ನಂಬಿಕೆಯದು, ಬೆಲೆಯೂ ಹೆಚ್ಚು.

ಉಪ್ಪು ಯಾವುದು? ಅಡಿಗೆಮನೆಯ ಪುಡಿಯುಪ್ಪಾಗಲಿ, ಉಪ್ಪಿನಕಾಯಿಗೆ ಬಳಸುವ ಹರಳುಪ್ಪಾಗಲಿ ಇಲ್ಲಿ ಸಲ್ಲದು. ಅದು ಬಹುಮಟ್ಟಿಗೆ ಸೋಡಿಯಂ ಕ್ಲೋರೈಡ್ ಮಾತ್ರ. ಸಮುದ್ರದ ಮೀನುಗಳಿಗಾಗಿ ತಯಾರಿಸಿ ಮಾರುವ ಲವಣಮಿಶ್ರಣದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಎಲ್ಲವೂ ಇರುತ್ತವೆ. ಎರಡರಲ್ಲಿ ಯಾವುದನ್ನು ಕರಗಿಸಿದರೂ ಹೈಡ್ರೋಮೀಟರ್ ಒಂದೇ ಅಂಕೆಯನ್ನು ತೋರಿಸುತ್ತದೆ. ಮೀನಿಗೆ ಮಾತ್ರ ಎರಡೂ ಒಂದಲ್ಲ. ಮೊದಲನೆಯದರಲ್ಲಿ ನೀರು ಕ್ರಮೇಣ ಹುಳಿಯಾಗುತ್ತ ಹೋಗುವುದನ್ನು ತಡೆಯುವ ಶಕ್ತಿಯೇ ಇಲ್ಲ. ಉಪ್ಪನ್ನು ಬೇರೆ ಬಕೆಟ್ಟಿನಲ್ಲಿ ಕರಗಿಸಿ, ಕೆಲವು ಗಂಟೆಗಳ ಕಾಲ ಗಾಳಿಯಾಡಿಸಿ, ಅಳೆದು, ಅನಂತರವೇ ತೊಟ್ಟಿಗೆ ಹಾಕಬೇಕು.

ಬೇಸಗೆಯಲ್ಲಿ ತೊಟ್ಟಿಯ ನೀರು ಇಳಿದುಹೋಗುತ್ತದೆ. ಇಳಿಯುವುದು ನೀರು, ಉಪ್ಪಲ್ಲ. ಇದನ್ನು ಮರೆತು ಇಳಿದಷ್ಟು ಉಪ್ಪುನೀರನ್ನೇ ತುಂಬಿಸುತ್ತ ಹೋದ ತೊಟ್ಟಿಯು ಎರಡು ತಿಂಗಳಿನಲ್ಲಿ ಅಳಿವೆಯನ್ನು ಬಿಟ್ಟು ಕಡಲಿನ ಕಡೆಗೆ ನಡೆದಿರುತ್ತದೆ. ಗಾಜಿನ ಮೇಲೆ ಒಂದು ಗೆರೆ ಎಳೆದಿಟ್ಟು ಆವಿಯಾದಷ್ಟನ್ನು ಸಾದಾ ನೀರಿನಿಂದಲೂ, ವಾರಕ್ಕೊಮ್ಮೆ ಹೊರಚೆಲ್ಲಿದಷ್ಟನ್ನು ಬೆರೆಸಿದ ಉಪ್ಪುನೀರಿನಿಂದಲೂ ತುಂಬುವುದು ಕ್ರಮ.

ಆ ಸಾದಾ ನೀರು ಎಲ್ಲ ನಗರಗಳಲ್ಲಿಯೂ ಒಂದೇ ಬಗೆಯದಲ್ಲವೆಂಬುದು ಹೊರನಾಡ ಕನ್ನಡಿಗರಿಗೆ ತಿಳಿಯದ ಸಂಗತಿಯೇನಲ್ಲ. ಊರಿನಿಂದ ಬಂದ ಹೊಸತರಲ್ಲಿ ಬೇಳೆ ಬೇಯದಿದ್ದಾಗಲೇ ಅದು ಅನುಭವಕ್ಕೆ ಬಂದಿರುತ್ತದೆ. ಮುಂಬಯಿಗೆ ತಾನಸಾ, ವೈತರಣಾ, ಭಾತಸಾಗಳಿಂದಲೂ ಪುಣೆಗೆ ಖಡಕವಾಸಲಾದಿಂದಲೂ ಬರುವುದು ಸಹ್ಯಾದ್ರಿಯ ಮಳೆಯ ನೀರು. ಸಾಮಾನ್ಯವಾಗಿ ಮೃದು, ಹುಳಿಯನ್ನು ತಡೆಯುವ ಶಕ್ತಿ ಕಡಿಮೆ. ಹೈದರಾಬಾದಿನ ಕಲ್ಲುನೆಲದ ಕೊಳವೆಬಾವಿಗಳದು ಗಡಸು. ಚೆನ್ನೈಯ ಕಡಲಂಚಿನ ಬಡಾವಣೆಗಳ ಬಾವಿನೀರಿನಲ್ಲಿ ಹಲವೆಡೆ ಮೊದಲೇ ಉಪ್ಪು ಸೇರಿರುತ್ತದೆ. 2010ರಲ್ಲಿ ಮೀಂಜೂರಿನಲ್ಲಿಯೂ 2013ರಲ್ಲಿ ನೆಮ್ಮೇಲಿಯಲ್ಲಿಯೂ ಕಡಲ ನೀರನ್ನು ಸಿಹಿಗೊಳಿಸುವ ಸ್ಥಾವರಗಳು ಆರಂಭವಾದವು. ದಿಲ್ಲಿಯ ಸಂಗತಿ ಇನ್ನೂ ಸೂಕ್ಷ್ಮ. ವಜೀರಾಬಾದಿನ ಬಳಿ ಯಮುನೆಯಲ್ಲಿ ಅಮೋನಿಯ ಏರಿತೆಂದು ನೀರಿನ ಸರಬರಾಜನ್ನೇ ಕಡಿತಗೊಳಿಸಿದ ಪ್ರಸಂಗಗಳು ಚಳಿಗಾಲಗಳಲ್ಲಿ ಮರುಕಳಿಸಿವೆ. ಮನೆಯ ಶುದ್ಧೀಕರಣ ಯಂತ್ರದಿಂದ ಬರುವ ನೀರಿನಲ್ಲಿ ಖನಿಜಗಳು ಬಹುಪಾಲು ಹೋಗಿಬಿಟ್ಟಿರುತ್ತವೆ. ಆವಿಯಾದ ನೀರನ್ನು ತುಂಬಲು ಅದು ಉತ್ತಮ, ಅದೊಂದರಿಂದಲೇ ತೊಟ್ಟಿ ನಡೆಸುವುದು ಸರಿಯಲ್ಲ. ಆದಕಾರಣ ಮೊದಲ ಪರೀಕ್ಷೆಯನ್ನು ತೊಟ್ಟಿಯ ನೀರಿಗಲ್ಲ, ನಲ್ಲಿಯ ನೀರಿಗೆ ಮಾಡತಕ್ಕದ್ದು. ನಲ್ಲಿಯ ಕ್ಲೋರಿನ್ ಕಿವಿರುಗಳನ್ನು ಸುಡುವಂಥದು. ಛಾಯಾಚಿತ್ರಗಾರರು ‘ಹೈಪೊ’ ಎಂದು ಕರೆಯುತ್ತಿದ್ದ ಸೋಡಿಯಂ ಥಯೋಸಲ್ಫೇಟಿನಿಂದ ಅದು ನಿವಾರಣೆಯಾಗುತ್ತದೆ. ಅಂಗಡಿಯ ಕ್ಲೋರಿನ್ ನಿವಾರಕಗಳಲ್ಲಿ ಹಲವುಗಳ ತಿರುಳೂ ಅದೇ.

ಈಗ ತಿಳಿನೀರಿನ ಸಾವಿನ ವಿಷಯಕ್ಕೆ ಬರಬಹುದು. ಮೀನಿನ ಉಸಿರಿನಿಂದ, ಮಲದಿಂದ, ತಿಂದುಳಿದ ಸಿಗಡಿಯ ಚೂರಿನಿಂದ ಅಮೋನಿಯ ಹುಟ್ಟುತ್ತದೆ. ಒಂದು ಬಗೆಯ ಅಣುಜೀವಿಗಳು ಅದನ್ನು ನೈಟ್ರೈಟಾಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಅಣುಜೀವಿಗಳ ಸಂಸಾರ ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಬೇಕು. ಅಷ್ಟು ಕಾಲ ಮೀನನ್ನು ತರದೆ ಬರಿಯ ನೀರನ್ನು ಕಾಯುವ ತಾಳ್ಮೆ ಎಷ್ಟು ಮನೆಗಳಲ್ಲಿದೆ? ಶನಿವಾರ ತೊಟ್ಟಿ, ಭಾನುವಾರ ಮೀನು; ಇದೇ ರೂಢಿ.

ಅಮೋನಿಯವು ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ: ಒಂದು ಬಹುಮಟ್ಟಿಗೆ ನಿರುಪದ್ರವಿ, ಇನ್ನೊಂದು ಕಿವಿರನ್ನು ಹೊಕ್ಕು ಕೊಲ್ಲುವಂಥದು. ಯಾವುದು ಎಷ್ಟಿರುತ್ತದೆಂಬುದು ಮುಖ್ಯವಾಗಿ ನೀರಿನ ಪಿ.ಎಚ್. ಮೌಲ್ಯವನ್ನು ಅವಲಂಬಿಸಿದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಸಿಹಿನೀರಿನಲ್ಲಿ ಪಿ.ಎಚ್. 7 ಇದ್ದಾಗ ಒಟ್ಟು ಅಮೋನಿಯದಲ್ಲಿ ನೂರಕ್ಕೆ ಅರ್ಧದಷ್ಟು ಭಾಗ ಮಾತ್ರ ವಿಷರೂಪದಲ್ಲಿರುತ್ತದೆ, ಪಿ.ಎಚ್. 8ಕ್ಕೆ ಏರಿದರೆ ನೂರಕ್ಕೆ ಐದಕ್ಕೂ ಹೆಚ್ಚು. ಉಪ್ಪಿನಿಂದ ಈ ಪ್ರಮಾಣ ಕೊಂಚ ತಗ್ಗಿದರೂ ಲೆಕ್ಕದ ಸ್ವರೂಪ ಬದಲಾಗದು. ಚೌಳು ನೀರಿನ ಮೀನಿಗೆ ಪಿ.ಎಚ್. 7.8ರಿಂದ 8.4ರವರೆಗೆ ಇರಬೇಕಾದ್ದರಿಂದ, ಸಿಹಿನೀರಿನ ತೊಟ್ಟಿಯಲ್ಲಿ ಹೇಗೋ ದಾಟಿಹೋಗುವಷ್ಟು ಅಮೋನಿಯವೇ ಇಲ್ಲಿ ಪ್ರಾಣಾಂತಿಕವಾಗಬಲ್ಲದು. ಇಲ್ಲಿ ಅಮೋನಿಯದ ಒಪ್ಪತಕ್ಕ ಅಂಕೆ ಸೊನ್ನೆಯೊಂದೇ.

ನೈಟ್ರೈಟಿನ ವಿಷಯದಲ್ಲಿ ಉಪ್ಪು ಸ್ವಲ್ಪ ಉಪಕಾರಿ. ನೈಟ್ರೈಟು ರಕ್ತವನ್ನು ಸೇರಿ ಅದರ ಪ್ರಾಣವಾಯು ಹೊರುವ ಶಕ್ತಿಯನ್ನು ಕುಂದಿಸುತ್ತದೆ. ನೀರಿನಲ್ಲಿ ಕ್ಲೋರೈಡ್ ಯಥೇಚ್ಛವಾಗಿದ್ದರೆ ಕಿವಿರಿನ ಬಾಗಿಲಲ್ಲಿ ಅದರ ಪ್ರವೇಶಕ್ಕೆ ತಡೆಯಾಗುತ್ತದೆ. ಆದರೂ ಪರೀಕ್ಷೆಯಲ್ಲಿ ನೈಟ್ರೈಟು ಕಂಡಿತೆಂದರೆ ಅಣುಜೀವಿಗಳ ಕೆಲಸ ಅರ್ಧಕ್ಕೆ ನಿಂತಿದೆಯೆಂದೇ ತಿಳಿಯಬೇಕು. ನೈಟ್ರೇಟು ಲೀಟರಿಗೆ 20 ಮಿಲಿಗ್ರಾಮಿನೊಳಗಿರಲಿ; ಅದನ್ನು ಇಳಿಸುವ ಉಪಾಯ ನೀರನ್ನು ಬದಲಾಯಿಸುವುದು. ಮನುಷ್ಯರಿಗೂ ಇದೇ ರಸಾಯನ ಅನ್ವಯಿಸುತ್ತದೆಂಬುದು ಗಮನಾರ್ಹ: ಕುಡಿಯುವ ನೀರಿನಲ್ಲಿ ನೈಟ್ರೇಟು ಮಿತಿಮೀರಿದರೆ ಎಳೆಯ ಕೂಸುಗಳ ರಕ್ತದಲ್ಲಿ ಇಂತಹುದೇ ವಿಕಾರವುಂಟಾಗಿ ಮೈ ನೀಲಿಗಟ್ಟುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ಹಾಗೆಂದು ಮೀನಿನ ಅಂಗಡಿಯ ಪರೀಕ್ಷಾ ಪೆಟ್ಟಿಗೆಯಿಂದ ಮಗುವಿನ ಕುಡಿಯುವ ನೀರನ್ನು ನಿರ್ಣಯಿಸಕೂಡದು, ಅದಕ್ಕೆ ಪ್ರಯೋಗಾಲಯಗಳಿವೆ.

ಪರೀಕ್ಷಾ ಪೆಟ್ಟಿಗೆಗಳಲ್ಲಿಯೂ ತಾರತಮ್ಯವಿದೆ. ಅಮೋನಿಯಕ್ಕಾಗಿ ಹಿಂದಿನಿಂದ ಬಂದ ನೆಸ್ಲರ್ ದ್ರಾವಣದಲ್ಲಿ ಪಾದರಸವಿದೆ. ಉಪ್ಪುನೀರಿನಲ್ಲಿ ಅದು ಕದಡಿ ಗಷ್ಟಾಗಿ ಬಣ್ಣವನ್ನು ಓದಲಾಗದಂತೆ ಮಾಡುವುದಲ್ಲದೆ, ಮಕ್ಕಳಿರುವ ಮನೆಯಲ್ಲಿ ಇಡತಕ್ಕ ವಸ್ತುವೂ ಅಲ್ಲ. ಸ್ಯಾಲಿಸಿಲೇಟ್ ಕ್ರಮದ, ಹಳದಿಯಿಂದ ಹಸಿರಿಗೆ ತಿರುಗುವ ಪರೀಕ್ಷೆಯೇ ಲೇಸು. ಬಣ್ಣದ ಪಟ್ಟಿಯು ಸಿಹಿನೀರಿಗೆ ಬೇರೆ, ಉಪ್ಪುನೀರಿಗೆ ಬೇರೆ ಇರುತ್ತದೆ. ಸಾಮಾನ್ಯ ಪಿ.ಎಚ್. ಪರೀಕ್ಷೆ 7.6ಕ್ಕೇ ಮುಗಿದುಹೋಗುವುದುಂಟು, ಇಲ್ಲಿ ಮೇಲ್ಮಟ್ಟದ ಪರೀಕ್ಷೆ ಬೇಕು. ನೈಟ್ರೇಟು ಪರೀಕ್ಷೆಯ ಎರಡನೆಯ ಸೀಸೆಯನ್ನು ಚೆನ್ನಾಗಿ ಕುಲುಕದಿದ್ದರೆ ತಳದಲ್ಲಿ ಕುಳಿತ ದ್ರವ್ಯ ಮೇಲೇಳದೆ ಸುಳ್ಳು ಸೊನ್ನೆ ಬರುತ್ತದೆ. ಬಣ್ಣವನ್ನು ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ನೋಡಬೇಕು.

ಇಷ್ಟೆಲ್ಲ ಅಳೆದರೂ, ನೀರಿನ ಗುಣವನ್ನು ದಿನವೂ ಸದ್ದಿಲ್ಲದೆ ತಿದ್ದುವುದೋ ಕೆಡಿಸುವುದೋ ತೊಟ್ಟಿಯ ತಳದಲ್ಲಿರುವ ಹಾಸು. ಕೊಳ್ಳುವವರು ಅದನ್ನು ಅಲಂಕಾರವೆಂದು ಭಾವಿಸಿ ನೀಲಿಯೋ ಗುಲಾಬಿಯೋ ಬಣ್ಣದ ಕಲ್ಲುಗಳನ್ನು ಆರಿಸುತ್ತಾರೆ. ಉಬ್ಬುಮೀನಿಗೆ ಮಾಮೂಲು ಹುರುಪೆಗಳಿಲ್ಲ. ಅದು ಆಗಾಗ ತಳದ ಮೇಲೆ ಹೊಟ್ಟೆಯೂರಿ ವಿಶ್ರಮಿಸುವ ಪ್ರಾಣಿ. ಮೊನಚು ಕಲ್ಲು ಅದರ ಚರ್ಮವನ್ನು ಗೀರುತ್ತದೆ. ಇದಲ್ಲದೆ ಅದರ ಊಟದ ರೀತಿ ಬಹಳ ಕೊಳಕು: ಬಸವನಹುಳುವನ್ನು ಕಟಕಟನೆ ಕಡಿದು, ಅರ್ಧ ನುಂಗಿ, ಅರ್ಧ ಉಗುಳುತ್ತದೆ. ಹಾಗೆಂದು ಚಿಪ್ಪಿನ ಆಹಾರವನ್ನು ನಿಲ್ಲಿಸುವಂತಿಲ್ಲ. ಜೀವಮಾನವಿಡೀ ಬೆಳೆಯುವ ಹಲ್ಲುಗಳನ್ನು ಗಟ್ಟಿ ಚಿಪ್ಪು ಸವೆಸದಿದ್ದರೆ ಬಾಯಿ ತೆರೆಯಲಾಗದೆ ಅದು ಹಸಿವಿನಿಂದ ಸಾಯುತ್ತದೆ. ಮುಂಬಯಿಯ ಮೀನುಪೇಟೆಯಲ್ಲಿ ತಿಸ್ರ್ಯಾ ಎಂದು, ಮಂಗಳೂರಿನ ಕಡೆ ಮರುವಾಯಿ ಎಂದು ಕರೆಯುವ ಚಿಪ್ಪುಜೀವಿ ಇದಕ್ಕೆ ಒಳ್ಳೆಯ ಊಟ. ಉಗುಳಿದ ಚೂರುಗಳು ದೊಡ್ಡ ಕಲ್ಲುಗಳ ಸಂದಿಗಿಳಿದರೆ ಕೈಗೆ ಸಿಗವು, ಅಲ್ಲೇ ಕೊಳೆಯುತ್ತವೆ. ನಯವಾದ ಸಣ್ಣ ಮರಳಿನ ಮೇಲಾದರೆ ಅವು ಮೇಲೆಯೇ ಉಳಿದು ಕೊಳವೆಯಿಂದ ಹೀರಿ ತೆಗೆಯಲು ಒದಗುತ್ತವೆ.

ಮರಳಿನಲ್ಲಿ ಎರಡು ವರ್ಗ. ನದಿಯ ಮರಳು ಬಹುತೇಕ ಬೆಣಚುಕಲ್ಲಿನ ಪುಡಿ. ನೀರಿನೊಡನೆ ಯಾವ ವ್ಯವಹಾರವನ್ನೂ ಮಾಡದು. ಚಿಪ್ಪು, ಹವಳ, ಅರಗೊನೈಟ್ ಇವುಗಳ ಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಹುಳಿಯತ್ತ ಸರಿದಾಗ ಇದು ಕೊಂಚ ಕೊಂಚವಾಗಿ ಕರಗಿ ಪಿ.ಎಚ್. ಬೀಳದಂತೆ ಹಿಡಿಯುತ್ತದೆ. ತಂದ ಮರಳು ಯಾವ ವರ್ಗದ್ದೆಂದು ತಿಳಿಯಲು ನಿಂಬೆಹಣ್ಣಿನ ರಸ ಸಾಕು: ಒಣಗಿದ ಒಂದು ಚಿಟಿಕೆಯ ಮೇಲೆ ನಾಲ್ಕು ಹನಿ ಹಿಂಡಿದಾಗ ಗುಳ್ಳೆಯೇಳುವುದು ಕಾರ್ಬೊನೇಟ್. ಮುಂಬಯಿ, ಪುಣೆಗಳ ಮೃದು ನೀರಿಗೆ ಸಣ್ಣ ಮರಳಿನೊಡನೆ ಚಿಪ್ಪಿನ ಪುಡಿಯನ್ನು ಬೆರೆಸಿದ ಹಾಸು ಯೋಗ್ಯ. ಹೈದರಾಬಾದಿನ ಗಡಸು ನೀರಿಗೆ ಬರಿಯ ಮರಳೂ ನಡೆದೀತು. ಚಿಪ್ಪಿನ ಪುಡಿಯೊಂದೇ ಎಲ್ಲವನ್ನೂ ನೋಡಿಕೊಳ್ಳುತ್ತದೆಂಬ ಭ್ರಮೆ ಮಾತ್ರ ಬೇಡ. ಕೆಲವು ತಿಂಗಳಲ್ಲಿ ಅದರ ಮೈಮೇಲೆ ಪಾಚಿಯಂತಹ ಲೋಳೆ ಕಟ್ಟಿ ಕರಗುವಿಕೆ ಕುಂಠಿತವಾಗುತ್ತದೆ. ಸರಿಯಾದ ಲವಣಮಿಶ್ರಣ ಹಾಗೂ ವಾರವಾರದ ನೀರಿನ ಬದಲಾವಣೆಯೇ ಮುಖ್ಯ ಆಧಾರ, ಹಾಸು ಅದರ ಸಹಾಯಕ.

ಹವಳದ ಪುಡಿಯನ್ನು ಕೇಳುವವರು ಕಾನೂನನ್ನೂ ತಿಳಿದಿರಬೇಕು. 2001ರಲ್ಲಿ ಕಲ್ಲುಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ದಡದಿಂದ ಹವಳವನ್ನು ಎತ್ತಿತರುವುದು ಅಪರಾಧ. ಅದರ ಆವಶ್ಯಕತೆಯೂ ಇಲ್ಲ. ಕೋಳಿ ಸಾಕುವವರಿಗೆ ಮಾರುವ ಸಿಂಪಿಯ ಚಿಪ್ಪಿನ ನುಚ್ಚನ್ನು ಚೆನ್ನಾಗಿ ತೊಳೆದು ಬಳಸಿದರೆ ಅದೇ ಗುಣ ದೊರೆಯುತ್ತದೆ. ಆದರೆ ಅಂಚುಗಳು ಹರಿತವಾದುದರಿಂದ ಅದನ್ನು ಹಾಸಿನಲ್ಲಿ ಹರಡುವ ಬದಲು ಬಟ್ಟೆಯ ಚೀಲದಲ್ಲಿ ಕಟ್ಟಿ ಶೋಧಕದೊಳಗೆ ಇಡುವುದು ಜಾಣತನ. ಕರಾವಳಿಯಲ್ಲಿ ಇದೇ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಾರೆ. ಚಿಪ್ಪು ಒಳ್ಳೆಯದಾದರೆ ಸುಣ್ಣವೂ ಒಳ್ಳೆಯದೇ ಎಂದು ಯಾರಾದರೂ ತರ್ಕಿಸಿದರೆ ಕೆಲವೇ ನಿಮಿಷಗಳಲ್ಲಿ ಮೀನು ಸುಟ್ಟುಹೋಗುತ್ತದೆ. ಚೌಪಾಟಿ, ಜುಹು ಮೊದಲಾದ ನಗರದ ಕಡಲತೀರಗಳ ಮರಳನ್ನು ಪುಕ್ಕಟೆಯೆಂದು ತರುವುದೂ ಬೇಡ. ನಗರದ ಚರಂಡಿಯೂ ಎಣ್ಣೆಯೂ ಅದರೊಡನೆ ಬರುತ್ತವೆ.

ಹಾಸಿನ ದಪ್ಪ ಎರಡು ಮೂರು ಸೆಂಟಿಮೀಟರ್ ಮೀರಬಾರದು. ಸಣ್ಣ ಮರಳನ್ನು ದಪ್ಪನಾಗಿ ಹಾಸಿದರೆ ಅಡಿಯಲ್ಲಿ ಪ್ರಾಣವಾಯು ಮುಗಿದು, ಅಂಥಲ್ಲಿ ಬಾಳುವ ಅಣುಜೀವಿಗಳು ಲವಣದಲ್ಲಿರುವ ಸಲ್ಫೇಟಿನಿಂದ ಹೈಡ್ರೋಜನ್ ಸಲ್ಫೈಡನ್ನು ತಯಾರಿಸುತ್ತವೆ. ಸಿಹಿನೀರಿನ ತೊಟ್ಟಿಗಿಂತ ಇಲ್ಲಿ ಸಲ್ಫೇಟು ಅಧಿಕವಾಗಿರುವುದರಿಂದ ಭಯವೂ ಅಧಿಕ. ಮರಳಿನಲ್ಲಿ ಕರಿಯ ತೇಪೆ ಕಂಡು ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ, ಒಮ್ಮೆಲೇ ಕಲಕಬಾರದು. ಮೀನನ್ನು ಬೇರೆ ಪಾತ್ರೆಗೆ ಸಾಗಿಸಿ ನಿಧಾನವಾಗಿ ಹೀರಿ ತೆಗೆಯಬೇಕು. ಇತರ ತೊಟ್ಟಿಗಳಲ್ಲಿ ಮರಳನ್ನು ಕೆದಕುವ ಕೆಲಸಕ್ಕೆ ಬಸವನಹುಳುಗಳನ್ನು ಬಿಡುವುದುಂಟು. ಇಲ್ಲಿ ಆ ಕೆಲಸಗಾರರು ಸಂಜೆಯೊಳಗೆ ಊಟವಾಗಿರುತ್ತಾರೆ! ವಾರಕ್ಕೊಮ್ಮೆ ಮನೆಯವರೇ ಕಡ್ಡಿಯಿಂದ ಮೇಲಿನ ಪದರವನ್ನು ಆಡಿಸಬೇಕು.

ಅತಿ ಶುಚಿತ್ವದಿಂದ ಸಂಭವಿಸುವ ಸಾವನ್ನು ಇಲ್ಲಿಯೇ ಹೇಳಬೇಕು. ದೀಪಾವಳಿಗೋ ಯುಗಾದಿಗೋ ಮನೆಯನ್ನೆಲ್ಲ ತೊಳೆಯುವಾಗ ತೊಟ್ಟಿಯನ್ನೂ ಬರಿದುಮಾಡಿ, ಮರಳನ್ನು ನಲ್ಲಿಯಡಿಯಲ್ಲಿ ಬೆಳ್ಳಗಾಗುವವರೆಗೆ ಉಜ್ಜಿ, ಶೋಧಕದ ಸ್ಪಂಜನ್ನು ಹಿಂಡಿ, ಹೊಸ ನೀರು ತುಂಬಿಸುತ್ತಾರೆ. ಹಬ್ಬದ ದಿನ ತೊಟ್ಟಿ ಥಳಥಳಿಸುತ್ತದೆ. ಹಬ್ಬ ಮುಗಿಯುವಷ್ಟರಲ್ಲಿ ಮೀನು ಇರುವುದಿಲ್ಲ. ಅಣುಜೀವಿಗಳ ಸಂಸಾರವು ನೆಲೆಸಿದ್ದುದು ಆ ಮರಳಿನ ಕಣಗಳ ಮೈಮೇಲೆ, ಆ ಸ್ಪಂಜಿನ ರಂಧ್ರಗಳಲ್ಲಿ. ಕ್ಲೋರಿನ್ ಬೆರೆತ ನಲ್ಲಿಯ ನೀರು ಅವನ್ನು ನಾಶಮಾಡಿತು; ಅಮೋನಿಯಕ್ಕೆ ಎದುರಾಳಿ ಇಲ್ಲವಾಯಿತು. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಅದ್ದಿ ತೊಳೆಯುವುದು, ಹಾಸನ್ನು ಬದಲಿಸಬೇಕಾದರೆ ಮೂರು ನಾಲ್ಕು ವಾರಗಳಲ್ಲಿ ಭಾಗಭಾಗವಾಗಿ ಬದಲಿಸಿ ಪ್ರತಿದಿನವೂ ಅಮೋನಿಯವನ್ನು ಪರೀಕ್ಷಿಸುವುದು ಇದಕ್ಕೆ ಪರಿಹಾರ.

ಮೀನಿನ ಆರೋಗ್ಯದಷ್ಟೇ ಮನೆಯವರ ಆರೋಗ್ಯವೂ ಮುಖ್ಯ. ಫಿಲಡೆಲ್ಫಿಯದ ಮತ್ಸ್ಯಾಲಯದ ಮೀನುಗಳಲ್ಲಿ ಆರನ್‌ಸನ್ ಎಂಬ ವಿಜ್ಞಾನಿ 1926ರಲ್ಲಿ ವರ್ಣಿಸಿದ ಮೈಕೊಬ್ಯಾಕ್ಟೀರಿಯಂ ಮರೈನಂ ಎಂಬ ರೋಗಾಣುವು ಕ್ಷಯದ ರೋಗಾಣುವಿನ ದಾಯಾದಿ. ಕೈಯ ಮೇಲಿನ ಸಣ್ಣ ಗಾಯದ ಮೂಲಕ ಅದು ಒಳಸೇರಿದರೆ ಕೆಲವು ವಾರಗಳ ಅನಂತರ ಬೆರಳಿನ ಮೇಲೋ ಮುಂಗೈಯ ಮೇಲೋ ನೋವಿಲ್ಲದ ಗಂಟೊಂದು ಏಳುತ್ತದೆ. ಕ್ರಮೇಣ ಹುಣ್ಣಾಗಬಹುದು, ಮೊಣಕೈಯ ಕಡೆಗೆ ಸಾಲಾಗಿ ಹರಡಬಹುದು. ಮುಲಾಮುಗಳಿಂದ ಇದು ಗುಣವಾಗದು. ತಿಂಗಳುಗಟ್ಟಲೆ ಔಷಧ ಬೇಕಾಗುತ್ತದೆ. ಮನೆಯಲ್ಲಿ ಮೀನಿನ ತೊಟ್ಟಿ ಇದೆಯೆಂಬ ಒಂದು ಮಾತನ್ನು ರೋಗಿಯು ಹೇಳದಿರುವುದರಿಂದಲೇ ರೋಗನಿರ್ಣಯ ತಡವಾಗುವುದುಂಟು. ಗಾಯವಿದ್ದಾಗ ಮತ್ತು ಹರಿತ ಚಿಪ್ಪುಗಳನ್ನು ಮುಟ್ಟುವಾಗ ರಬ್ಬರ್ ಕೈಚೀಲ ಧರಿಸುವುದು, ಕೊಳವೆಯನ್ನು ಬಾಯಿಂದ ಹೀರಿ ನೀರು ಹರಿಸದಿರುವುದು, ತೊಟ್ಟಿಯ ಬಕೆಟ್ಟನ್ನು ಅಡಿಗೆಮನೆಗೆ ತರದಿರುವುದು ಕಷ್ಟದ ನಿಯಮಗಳಲ್ಲ. ಉಪ್ಪುನೀರು ಆವಿಯಾಗುವಾಗ ದೀಪದ ತಂತಿಯ ಮೇಲೆ ಬಿಳಿಯ ಹರಳು ಕಟ್ಟುತ್ತದೆ. ವಿದ್ಯುತ್ತಿನ ಕೊಂಡಿಯನ್ನು ಬಿಡಿಸಿಯೇ ಅದನ್ನು ಒರೆಸಬೇಕು. ಉಬ್ಬುಮೀನಿನ ಕುಲದಲ್ಲಿರುವ ಟೆಟ್ರೊಡೊಟಾಕ್ಸಿನ್ ಎಂಬ ವಿಷವು ಬೇಯಿಸಿದರೂ ನಾಶವಾಗುವುದಿಲ್ಲ. ನರಗಳ ಸಂದೇಶವನ್ನು ತಡೆದು ಉಸಿರಾಟವನ್ನೇ ನಿಲ್ಲಿಸುವಂಥದು. ಸತ್ತ ಮೀನನ್ನು ಬೆಕ್ಕಿನ ಪಾಲಿಗೂ ಎಸೆಯಕೂಡದು.

ಎಂಟರ ಗುರುತಿನ ಒಂದು ಮೀನಿಗೆ ಸುಮಾರು 80 ಲೀಟರು, ಬೆಳೆದ ಹಸಿರು ಚುಕ್ಕೆಯ ಮೀನಿಗೆ 150ರಿಂದ 200 ಲೀಟರು ನೀರು ಬೇಕು. ಒಂದು ಕೋಣೆ, ಒಂದು ಅಡಿಗೆಮನೆಯ ಸಂಸಾರಕ್ಕೆ ಇದು ಸಣ್ಣ ಜಾಗವಲ್ಲ. ಎರಡನೆಯದನ್ನು ಕೊಳ್ಳುವ ಮುನ್ನ ಗೋಡೆಯನ್ನೂ ನೆಲವನ್ನೂ ಅಳೆದು ನೋಡುವುದು ಮೇಲು. ಒಂದು ಹಳೆಯ ನೋಟುಪುಸ್ತಕದಲ್ಲಿ ದಿನಾಂಕ, ಸಾಂದ್ರತೆ, ಪಿ.ಎಚ್., ಅಮೋನಿಯ, ನೈಟ್ರೇಟುಗಳನ್ನು ವಾರವಾರ ಬರೆದಿಟ್ಟರೆ, ಕಣ್ಣಿಗೆ ಕಾಣದ ಏರಿಳಿತ ಕಾಗದದ ಮೇಲೆ ಕಾಣುತ್ತದೆ. ಮೇ ತಿಂಗಳಲ್ಲಿ ಮನೆಮಂದಿಯೆಲ್ಲ ಊರಿಗೆ ಹೊರಡುವಾಗ ಆ ಪುಸ್ತಕವನ್ನು ಕೀಲಿಕೈಯೊಂದಿಗೆ ಪಕ್ಕದ ಮನೆಯವರಿಗೆ ಒಪ್ಪಿಸಬೇಕು. ಅವರಿಗೆ ಹೇಳಬೇಕಾದುದು ಹೆಚ್ಚಿಲ್ಲ: ಗಾಜಿನ ಮೇಲಿನ ಗೆರೆಯವರೆಗೆ ಕ್ಲೋರಿನ್ ತೆಗೆದ ಸಾದಾ ನೀರು, ಉಪ್ಪು ಬೇಡ; ದಿನ ಬಿಟ್ಟು ದಿನ ಒಂದು ಬಸವನಹುಳು.